ಮೂರನೇ ಮೆಟ್ಟಿಲ ಕೆಳಗಿನ ಪುಸ್ತಕ: ಒಂದು ಪರ್ಸೆಪ್ಷನ್ ಪ್ರಕರಣ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ ಇದೆಯಲ್ಲ, ಅದರಲ್ಲಿ ಕಥೆ ನಡೆಸುವ ಗೇಮ್ ಮಾಸ್ಟರ್ ಆಗಿ ನಾನು ನಡೆಸಿದ ಒಂದು ಕ್ಯಾಂಪೇನಿನ (ವಾರಗಟ್ಟಲೆ ಸಾಗುವ ಕಥೆಯ) ಪ್ರಕರಣ ಇದು. ಪಾತ್ರಕ್ಕೆ ಏನಾದರೂ ಕಾಣುತ್ತದಾ ಎಂದು ನೋಡುವ, ಪರ್ಸೆಪ್ಷನ್ ಚೆಕ್ ಅನ್ನುವ ಒಂದು ಸಣ್ಣ ನಿಯಮ ಅಲ್ಲಿ ಎರಡು ಸಲ ಆಟವನ್ನೇ ನಿಲ್ಲಿಸಿಬಿಟ್ಟಿತು. ಒಮ್ಮೆ ಕಥೆ ನಿಂತಿತು. ಇನ್ನೊಮ್ಮೆ ಒಬ್ಬ ಗೆಳತಿಯ ಮನಸ್ಸಿಗೆ ನೋವಾಯಿತು, ಮತ್ತು ಅದಕ್ಕೆ ಕಾರಣ ನನ್ನ ನಿರ್ಧಾರ. ಇದನ್ನೆಲ್ಲ ಬರೆಯಲು ಆಟಗಾರರೆಲ್ಲ ಒಪ್ಪಿದ್ದಾರೆ. ಹೆಸರುಗಳನ್ನು ಬಿಟ್ಟು, ಅವರವರ ಪಾತ್ರದ ಕೆಲಸದಿಂದಲೇ ಕರೆಯುತ್ತೇನೆ: ಕ್ಲೆರಿಕ್ (ಪೂಜಾರಿ), ರೋಗ್ (ಕಳ್ಳ), ಫೈಟರ್ (ಯೋಧ), ವಿಝಾರ್ಡ್ (ಮಂತ್ರವಾದಿ), ಬಾರ್ಡ್ (ಹಾಡುಗಾರ).

ಹಿನ್ನೆಲೆ

ಆಡುತ್ತಿದ್ದದ್ದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ, 2014ರ ನಿಯಮಗಳು. ವಾರಕ್ಕೊಮ್ಮೆ ಮೂರು ಗಂಟೆ. ಐದು ಜನ ಆಟಗಾರರು, ಎಲ್ಲರೂ ಹಳೆಯ ಸ್ನೇಹಿತರು. ಪಾತ್ರಗಳು ಶುರುವಿನಲ್ಲಿ ಮೂರನೇ ಲೆವೆಲ್‌ನಲ್ಲಿದ್ದವು.

ನಿಯಮ ಗೊತ್ತಿಲ್ಲದವರಿಗೆ ಎರಡು ಮಾತು. ಏನಾದರೂ ಕಣ್ಣಿಗೆ ಬೀಳುತ್ತದಾ, ಕಿವಿಗೆ ಬೀಳುತ್ತದಾ ಎಂದು ತೀರ್ಮಾನಿಸಲು 20 ಮುಖದ ದಾಳ ಹಾಕಬೇಕು. ಬಂದ ಅಂಕಿಗೆ ಪಾತ್ರದ ಪರ್ಸೆಪ್ಷನ್ ಬೋನಸ್ ಸೇರಿಸಬೇಕು. ಅದು ಗೇಮ್ ಮಾಸ್ಟರ್ ಇಟ್ಟ ಡಿಸಿಯನ್ನು, ಅಂದರೆ ಎಷ್ಟು ಕಷ್ಟ ಎಂದು ಹೇಳುವ ಅಂಕಿಯನ್ನು, ಮುಟ್ಟಿದರೆ ಗೆದ್ದಂತೆ. 10 ಅಂದರೆ ಸುಲಭ, 15 ಮಧ್ಯಮ, 20 ಕಷ್ಟ. ಇದರ ಜೊತೆಗೆ ಪ್ಯಾಸಿವ್ ಪರ್ಸೆಪ್ಷನ್ ಅಂತ ಇನ್ನೊಂದಿದೆ: ದಾಳವೇ ಇಲ್ಲ, 10ಕ್ಕೆ ಬೋನಸ್ ಸೇರಿಸಿದರೆ ಮುಗಿಯಿತು. ಸುಮ್ನೆ ನಡೆದು ಹೋಗುವಾಗಲೂ ಪಾತ್ರಕ್ಕೆ ಎಷ್ಟು ಎಚ್ಚರ ಇರುತ್ತದೆ ಅನ್ನುವುದರ ಲೆಕ್ಕ ಅದು.

ನಮ್ಮ ಕ್ಲೆರಿಕ್‌ಗೆ +5 ಇತ್ತು, ರೋಗ್‌ಗೆ +3. ಉಳಿದ ಮೂವರಿಗೆ ತಲಾ +1. ಈ ಅಂಕಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ದೀಪಸ್ತಂಭ

ಮೂರನೇ ಸೆಷನ್. ಕಡಲ ತೀರದ ಒಂದು ದೀಪಸ್ತಂಭ. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಕಾಣೆಯಾಗಿದ್ದಾನೆ. ಅವನು ಬರೆದಿಟ್ಟ ಲೆಕ್ಕದ ಪುಸ್ತಕ ಮೂರನೇ ಮೆಟ್ಟಿಲಿನ ಸಡಿಲ ಕಲ್ಲಿನ ಕೆಳಗಿದೆ. ಯಾವ ರಾತ್ರಿ ಬೇಕಂತಲೇ ದೀಪ ಆರಿಸಿದ, ಯಾರ ಹಡಗಿಗಾಗಿ ಆರಿಸಿದ ಎಂಬುದೆಲ್ಲ ಅದರಲ್ಲಿದೆ. ಮುಂದಿನ ಕಥೆಗೆ ಇದೇ ಬಾಗಿಲು. ನಾನು ಅದಕ್ಕೆ ಡಿಸಿ 15 ಇಟ್ಟಿದ್ದೆ.

ಐದೂ ಜನ ದಾಳ ಹಾಕಿದರು. ಕ್ಲೆರಿಕ್‌ಗೆ ಒಟ್ಟು 13. ರೋಗ್‌ಗೆ 9. ಉಳಿದವರಿಗೆ 12, 10, 4. ಯಾರಿಗೂ ಏನೂ ಕಾಣಲಿಲ್ಲ.

ಮುಂದಿನ ಎರಡು ಗಂಟೆ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಅವರು ಮೀನುಗಾರರನ್ನು ಕೇಳಿದರು. ಮುದುಕನ ದೋಣಿ ಹುಡುಕಿದರು. ಮತ್ತೆ ದೀಪಸ್ತಂಭಕ್ಕೆ ಬಂದು ಮೇಲಿನ ಕೋಣೆ ಜಾಲಾಡಿದರು. ಮೆಟ್ಟಿಲು ಹತ್ತಿ ಇಳಿದರು, ಅದೇ ಮೂರನೇ ಮೆಟ್ಟಿಲ ಮೇಲೆ ಕಾಲಿಟ್ಟು. ಎಲ್ಲರಿಗೂ ಬೇಸರ ಬರತೊಡಗಿತು. ಕೊನೆಗೆ ನಾನು ಒಬ್ಬ ಹುಡುಗನನ್ನು ಹುಟ್ಟಿಸಿ, "ತಾತ ಈ ಪುಸ್ತಕ ನನ್ನ ಹತ್ತಿರ ಕೊಟ್ಟಿದ್ದ" ಎಂದು ಹೇಳಿಸಿದೆ.

"ಇದನ್ನು ನೀನೇ ತಂದು ಕೊಟ್ಟೆ ಅಲ್ವಾ?" ಎಂದು ಬಾರ್ಡ್ ಕೇಳಿದ. ಬೈಯುವ ದನಿಯಲ್ಲಿ ಅಲ್ಲ, ಮೆತ್ತಗೆ. ಹೌದು ಎಂದೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಡಿಸಿ 15ಕ್ಕೆ ಕ್ಲೆರಿಕ್ ಒಬ್ಬಳೇ ದಾಳ ಹಾಕಿದರೆ ಗೆಲ್ಲುವ ಅವಕಾಶ ನೂರಕ್ಕೆ 55. ಐದೂ ಜನ ಹಾಕಿದರೆ ಒಬ್ಬರಾದರೂ ಗೆಲ್ಲುವ ಅವಕಾಶ ನೂರಕ್ಕೆ ಸುಮಾರು 93. ಹಾಗಾದರೆ ಸೋಲು ನೂರಕ್ಕೆ 7 ಸಲ ಮಾತ್ರ, ಮತ್ತು ಆ 7ರಲ್ಲಿ ಒಂದು ನಮಗೆ ಬಂದಿತ್ತು. ಮೊದಲು ಇದನ್ನು ದುರಾದೃಷ್ಟ ಅಂದುಕೊಂಡೆ. ಆಮೇಲೆ ಬೇರೆಯದೇ ಹೊಳೆಯಿತು. 93 ಸಲ ಆ ದಾಳಕ್ಕೆ ಅರ್ಥವೇ ಇಲ್ಲ, ಏಕೆಂದರೆ ಯಾರೋ ಒಬ್ಬರಿಗೆ ಸಿಕ್ಕೇ ಸಿಗುತ್ತದೆ. ಉಳಿದ 7 ಸಲ ಅದು ಇಡೀ ಆಟವನ್ನು ಕೆಡವುತ್ತದೆ. ಗೆದ್ದರೂ ಖುಷಿ ಇಲ್ಲ, ಸೋತರೆ ಎಲ್ಲವೂ ನಿಲ್ಲುತ್ತದೆ. ಇಂಥ ದಾಳ ಯಾಕೆ ಹಾಕಿಸುತ್ತಿದ್ದೇನೆ?

ಇದರ ಜೊತೆಗೆ ಇನ್ನೊಂದು ತೊಂದರೆ ಮೊದಲ ದಿನದಿಂದಲೂ ಇತ್ತು. "ಪರ್ಸೆಪ್ಷನ್ ಹಾಕಿ" ಎಂದ ಕೂಡಲೇ ಎಲ್ಲರ ಬೆನ್ನು ನೆಟ್ಟಗಾಗುತ್ತಿತ್ತು. ಏನೋ ಇದೆ ಎಂದು ಆ ಮಾತೇ ಹೇಳಿಬಿಡುತ್ತದೆ. ಒಮ್ಮೆ ಫೈಟರ್‌ನ ದಾಳದಲ್ಲಿ 2 ಬಿತ್ತು. "ನಿನಗೆ ವಿಶೇಷ ಏನೂ ಕಾಣಲ್ಲ" ಎಂದೆ. ಅವನು ತಕ್ಷಣ, "ಹಾಗಾದ್ರೆ ನಾನು ಬಾಗಿಲು ಮುಟ್ಟಲ್ಲ" ಎಂದ. ಪಾತ್ರಕ್ಕೆ ಏನೂ ಗೊತ್ತಿಲ್ಲ, ಆಟಗಾರನಿಗೆ ಎಲ್ಲಾ ಗೊತ್ತು. ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕಣ್ಣೆದುರು 2 ಬಿದ್ದಿರುವಾಗ ಅದನ್ನು ನೋಡಿಲ್ಲ ಎಂದು ನಟಿಸುವುದು ಯಾರಿಗಾದರೂ ಕಷ್ಟ.

ಮೊದಲ ಎರಡು ಪ್ರಯತ್ನ

ನಾಲ್ಕು ಮತ್ತು ಐದನೇ ಸೆಷನ್‌ನಲ್ಲಿ ಪರ್ಸೆಪ್ಷನ್ ದಾಳಗಳನ್ನೆಲ್ಲ ನಾನೇ ಪರದೆಯ ಹಿಂದೆ ಹಾಕಿದೆ. 2019ರಲ್ಲಿ ಬಂದ ಪಾಥ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಇಂಥ ಗುಟ್ಟಿನ ಚೆಕ್‌ಗಳು ನಿಯಮದಲ್ಲೇ ಇವೆ, ಹಾಗಾಗಿ ಯೋಚನೆ ನನ್ನದೇನಲ್ಲ. ಬಾಗಿಲು ಮುಟ್ಟಲ್ಲ ಅನ್ನುವ ಮಾತು ನಿಂತಿತು. ಆದರೆ ಮೇಜಿನ ಸುತ್ತ ಒಂದು ಬಗೆಯ ಮೌನ ಬಂತು. ರೋಗ್ ಹೇಳಿದ ಮಾತು ನನಗೆ ಸರಿ ಅನ್ನಿಸಿತು: "ಸೋಲೋದಿದ್ರೆ ನನ್ನ ಕೈಯಿಂದಲೇ ಸೋಲ್ತೀನಿ. ದಾಳ ನನ್ನದು." ಎರಡೇ ವಾರಕ್ಕೆ ಅದನ್ನು ಕೈಬಿಟ್ಟೆ. ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನಾ ಎಂದು ನೋಡುವ ಇನ್‌ಸೈಟ್ ಚೆಕ್‌ಗೆ ಮಾತ್ರ ಈಗಲೂ ಅದೇ ಕ್ರಮ. ಅಲ್ಲಿ ಸೋಲು ಗೆಲುವು ಗೊತ್ತಾದರೆ ಉತ್ತರವೂ ಗೊತ್ತಾದಂತೆ, ಅದಕ್ಕೆ ಗುಂಪೂ ಒಪ್ಪಿತು.

ಆರನೇ ಸೆಷನ್ ಹೊತ್ತಿಗೆ ಪಾತ್ರಗಳು ನಾಲ್ಕನೇ ಲೆವೆಲ್‌ಗೆ ಬಂದವು. ಕ್ಲೆರಿಕ್ 'ಅಬ್ಸರ್ವೆಂಟ್' ಎಂಬ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಸಾಮರ್ಥ್ಯ) ತಗೊಂಡಳು. 2014ರ ನಿಯಮದಲ್ಲಿ ಅದು ಪ್ಯಾಸಿವ್ ಪರ್ಸೆಪ್ಷನ್‌ಗೆ 5 ಕೂಡಿಸುತ್ತದೆ, ಜೊತೆಗೆ ಪರ್ಸೆಪ್ಷನ್ ಬೋನಸ್‌ಗೆ ಆಧಾರವಾದ ವಿಸ್ಡಮ್ ಎಂಬ ಅಂಕಿಯನ್ನೂ ಒಂದು ಏರಿಸಬಹುದು. ಅವಳ ವಿಸ್ಡಮ್ 17ರಿಂದ 18 ಆಯಿತು, ಅದರಿಂದ ಬೋನಸ್ಸೂ ಒಂದು ಏರಿತು. ಹಾಗೆ ಪ್ಯಾಸಿವ್ ಪರ್ಸೆಪ್ಷನ್ 15ರಿಂದ ಒಮ್ಮೆಲೇ 21ಕ್ಕೆ ಹೋಯಿತು. ಅದೇ ಹೊತ್ತಿಗೆ ನಾನು, ಇನ್ನು ಮೇಲೆ ದಾಳ ಬೇಡ, ಪ್ಯಾಸಿವ್ ಅಂಕಿಯೇ ಸಾಕು ಎಂದು ತೀರ್ಮಾನ ಮಾಡಿದ್ದೆ. ಐವರ ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡೆ.

ಇದರಲ್ಲಿ ಒಂದು ಹಳ್ಳ ಇತ್ತು. ನಾನು ಅದರೊಳಗೆ ನೇರವಾಗಿ ನಡೆದೆ.

22

ದಾಳ ಇಲ್ಲದಿದ್ದರೆ ಅದೃಷ್ಟಕ್ಕೂ ಜಾಗ ಇಲ್ಲ. ತಯಾರಿ ಮಾಡುವಾಗ ಒಂದು ಬಲೆಗೆ ಡಿಸಿ 20 ಎಂದು ಬರೆದರೆ, ಅದು ಕ್ಲೆರಿಕ್‌ಗೆ ಕಾಣುತ್ತದೆ ಎಂದು ಆ ಕ್ಷಣವೇ ಬರೆದಂತೆ. 22 ಎಂದು ಬರೆದರೆ ಕಾಣುವುದಿಲ್ಲ ಎಂದು ಬರೆದಂತೆ. ಆಟಕ್ಕೆ ಮೂರು ದಿನ ಮುಂಚೆ ಎಲ್ಲವೂ ನಿರ್ಧಾರ ಆಗಿಬಿಡುತ್ತದೆ.

ಆರು ಮತ್ತು ಏಳನೇ ಸೆಷನ್‌ನಲ್ಲಿ ಅವಳಿಗೆ ಎಲ್ಲವೂ ಕಂಡಿತು. ಅಡಗಿದ್ದ ಬಾಗಿಲು, ದಾರದ ಬಲೆ, ಚಾವಣಿಯ ಜೇಡ. ನಾನು ಹೇಳುತ್ತಿದ್ದದ್ದೂ ಒಂದೇ ಸಾಲು: "ನಿನಗೆ ಇಲ್ಲಿ ಬಲೆ ಇರೋದು ಕಾಣುತ್ತೆ." ರೋಗ್ ಹೋಗಿ ಅದನ್ನು ಬಿಚ್ಚುತ್ತಿದ್ದ. ಮುಗಿಯಿತು. ವಾರವಿಡೀ ಕೂತು ಮಾಡಿದ ಬಲೆ ಅರ್ಧ ನಿಮಿಷದಲ್ಲಿ ಹೋಗುತ್ತಿತ್ತು. ನನಗೆ ಅದು ನುಂಗಲಾಗಲಿಲ್ಲ. ಎಂಟನೇ ಸೆಷನ್‌ಗೆ ಎಲ್ಲಾ ಬಲೆಗಳನ್ನೂ 22 ಮಾಡಿದೆ.

ಗೋರಿಯೊಂದರ ಒಳಗೆ ಫೈಟರ್ ಗುಂಡಿಗೆ ಬಿದ್ದ. ಸ್ವಲ್ಪ ಹೊತ್ತಿಗೆ ಬಾಣಗಳು ಬಂದವು. ಆಮೇಲೆ ವಿಷದ ಹೊಗೆ. ಆಟ ಮುಗಿದು ಎಲ್ಲರೂ ಏಳುವಾಗ ಕ್ಲೆರಿಕ್ ಕೇಳಿದಳು.

"ಆ ಗುಂಡಿಯ ಡಿಸಿ ಎಷ್ಟಿತ್ತು?"

"22."

"ಬಾಣದ್ದು?"

"22."

ಮೂರನೆಯದನ್ನು ಅವಳು ಕೇಳಲಿಲ್ಲ. "ನಾನು ಬೇರೆ ಏನಾದ್ರೂ ತಗೋಬಹುದಿತ್ತು" ಎಂದಷ್ಟೇ ಹೇಳಿ ಹೊರಟಳು.

ಅವಳು ಹೇಳಿದ್ದು ಸಂಪೂರ್ಣ ಸರಿ. ಆಟಗಾರರೊಬ್ಬರು ಒಂದು ಫೀಟ್ ತಗೊಳ್ಳುವುದು ಅಂದರೆ, ತಮಗೆ ಯಾವ ಬಗೆಯ ಕ್ಷಣಗಳು ಬೇಕು ಎಂದು ಗೇಮ್ ಮಾಸ್ಟರ್‌ಗೆ ಹೇಳಿದ ಹಾಗೆ. ನಾನು ಅದನ್ನು ಕೇಳಿಸಿಕೊಂಡು, ಬೇಕಂತಲೇ ಕಿತ್ತುಕೊಂಡಿದ್ದೆ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಜಾಗ ಇದೇ. ಗೇಮ್ ಮಾಸ್ಟರ್ ಆಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಮ್ಮ ಚೀಟಿಯನ್ನು ಒಮ್ಮೆ ನೋಡಿಕೊಳ್ಳಿ. ಪಾತ್ರದ ಅಂಕಿಗಿಂತ ಸರಿಯಾಗಿ ಒಂದು ಜಾಸ್ತಿ ಇಟ್ಟಿದ್ದೀರಾ?

ಮರುದಿನ ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಏನು ಮಾಡಿದ್ದೆ, ಯಾಕೆ ಮಾಡಿದ್ದೆ ಎಂದು ಮುಚ್ಚಿಡದೆ ಹೇಳಿದೆ. ಆಮೇಲೆ, ಆ ಫೀಟ್ ಯಾಕೆ ತಗೊಂಡೆ ಎಂದು ಕೇಳಿದೆ. ಬಲೆಗಳಿಂದ ತಪ್ಪಿಸಿಕೊಳ್ಳಲು ಎಂಬ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅವಳ ಉತ್ತರ ಬೇರೆ. "ಬಲೆ ಇದ್ರೂ ಪರವಾಗಿಲ್ಲ, ಬಿದ್ರೂ ಪರವಾಗಿಲ್ಲ. ಎಲ್ಲರಿಗಿಂತ ಮೊದಲು ನೋಡೋಳು ನಾನಾಗಿರ್ಬೇಕು. ನೀನು ನನಗೆ ಮೊದಲು ಹೇಳ್ಬೇಕು, ನಾನು ಅವರಿಗೆ ಹೇಳ್ಬೇಕು."

ಆ ಮಾತಿನಿಂದ ಎಲ್ಲಾ ತಿರುಗಿತು. ಅವಳಿಗೆ ಬೇಕಿದ್ದದ್ದು ಕಾಣುವುದು. ನಾನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದದ್ದು ಬಿಡಿಸುವ ಕೆಲಸ. ಎರಡೂ ಒಂದೇ ಅಲ್ಲವಲ್ಲ. "ಬಲೆ ಇದೆ" ಎಂದು ನಾನು ಹೇಳುತ್ತಿದ್ದಾಗ ಕಂಡದ್ದನ್ನೂ ಅದರ ಅರ್ಥವನ್ನೂ ಒಂದೇ ಉಸಿರಿಗೆ ಕೊಟ್ಟುಬಿಡುತ್ತಿದ್ದೆ. ನಿಯಮದಲ್ಲೂ ಈ ಭೇದ ಇದೆ: ಕಣ್ಣಿಗೆ ಬೀಳುವುದು ಪರ್ಸೆಪ್ಷನ್, ಕಂಡದ್ದರಿಂದ ಊಹಿಸಿ ತಿಳಿಯುವುದು ಇನ್ವೆಸ್ಟಿಗೇಷನ್. ಓದಿದ್ದೆ, ಮೇಜಿನ ಮೇಲೆ ಬಳಸಿರಲಿಲ್ಲ.

ಹೊಸ ಕ್ರಮ

ಒಂಬತ್ತನೇ ಸೆಷನ್‌ಗೆ ಮುಂಚೆ ಐದೂ ಜನರ ಜೊತೆ ಅರ್ಧ ಗಂಟೆ ಕೂತು ಮಾತಾಡಿದೆವು.

ಮೊದಲ ತೀರ್ಮಾನ: ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವಿಗೆ ದಾಳ ಇಲ್ಲ. ಸರಿಯಾದ ಜಾಗಕ್ಕೆ ಹೋಗಿ ನೋಡಿದರೆ ಸಿಗುತ್ತದೆ, ಅಷ್ಟೇ. ಪತ್ತೇದಾರಿ ಕಥೆಗಳಿಗಾಗಿಯೇ ಮಾಡಿದ ಗಮ್‌ಶೂ ಎಂಬ ಆಟದ ವ್ಯವಸ್ಥೆ ನಿಂತಿರುವುದೇ ಈ ನಿಯಮದ ಮೇಲೆ. ಅದನ್ನು ನಾವು ಸಾಲ ತಂದೆವು. ಈ ಕ್ರಮ ಮೊದಲೇ ಇದ್ದಿದ್ದರೆ, ಮೆಟ್ಟಿಲುಗಳನ್ನು ನೋಡುತ್ತೇವೆ ಎಂದು ಯಾರಾದರೂ ಹೇಳಿದ್ದರೆ ಸಾಕು, ಆ ಪುಸ್ತಕ ಸಿಗುತ್ತಿತ್ತು.

ಅಪಾಯದ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಪ್ರತಿ ಬಲೆಗೂ ಒಂದು ಕುರುಹು ಇರಲೇಬೇಕು ಎಂದು ಒಪ್ಪಿದೆವು. ಪ್ಯಾಸಿವ್ ಅಂಕಿ ಸಾಕಷ್ಟಿದ್ದವರಿಗೆ ಆ ಕುರುಹು ದೂರದಿಂದಲೇ ಕಾಣುತ್ತದೆ. ಉಳಿದವರಿಗೆ ಹತ್ತಿರ ಹೋದಾಗ, ಸಮಯ ಕಡಿಮೆ ಇರುವಾಗ ಕಾಣುತ್ತದೆ. ಆದರೆ ಅದು ಏನು ಎಂದು ನಾನು ಹೇಳುವುದಿಲ್ಲ. ಕುರುಹು ಮಾತ್ರ ನನ್ನದು, ಅರ್ಥ ಅವರದು.

ಎಲ್ಲರೂ ಒಟ್ಟಿಗೆ ದಾಳ ಹಾಕುವುದನ್ನೂ ನಿಲ್ಲಿಸಿದೆವು. ಹುಡುಕುವವರು ಒಬ್ಬರು. ಬೇಕಾದರೆ ಇನ್ನೊಬ್ಬರು ಸಹಾಯಕ್ಕೆ ನಿಲ್ಲಬಹುದು, ಆಗ ಎರಡು ದಾಳ ಹಾಕಿ ದೊಡ್ಡದನ್ನು ತಗೊಳ್ಳಬಹುದು. ಕ್ಲೆರಿಕ್‌ಳ ಮೊದಲಿನ +5ಕ್ಕೆ ಡಿಸಿ 15 ಎದುರು ಇದು ನೂರಕ್ಕೆ 55 ಇದ್ದ ಅವಕಾಶವನ್ನು ಸುಮಾರು 80ಕ್ಕೆ ತರುತ್ತದೆ. 93ಕ್ಕಿಂತ ಕಡಿಮೆಯೇ. ಆದರೆ ಉಳಿದ ಮೂವರು ಆ ಹೊತ್ತಿಗೆ ಬಾಗಿಲು ಕಾಯಬಹುದು, ಹಗ್ಗ ಕಟ್ಟಬಹುದು, ಕೈದಿಯ ಜೊತೆ ಮಾತಾಡಬಹುದು. ಸೋತರೆ ಸಮಯ ಹೋಗುತ್ತದೆ: ಒಂದು ಕೋಣೆ ಹುಡುಕಲು ಹತ್ತು ನಿಮಿಷ ಎಂದು ಇಟ್ಟೆವು. ಪಂಜು ಉರಿಯುವುದು ಒಂದು ಗಂಟೆ. ಹಾಗಾಗಿ ಆರು ಕೋಣೆಗೆ ಒಂದು ಪಂಜು.

ನಾನು ಅಲ್ಲಿಯವರೆಗೆ ಮರೆತೇಬಿಟ್ಟಿದ್ದ ಒಂದು ನಿಯಮವನ್ನೂ ಆವತ್ತೇ ಮೇಜಿಗೆ ತಂದೆ. ಮಂದ ಬೆಳಕಿನಲ್ಲಿ ಕಣ್ಣಿನಿಂದ ನೋಡುವ ಪರ್ಸೆಪ್ಷನ್‌ಗೆ ಅಡಚಣೆ ಇದೆ, ಅಂದರೆ ಪ್ಯಾಸಿವ್ ಅಂಕಿಯಲ್ಲಿ 5 ಕಡಿಮೆ. ಕತ್ತಲಲ್ಲಿ ಕಾಣುವ ಡಾರ್ಕ್‌ವಿಷನ್ ಇದ್ದವರಿಗೂ ಪೂರ್ತಿ ಕತ್ತಲು ಮಂದ ಬೆಳಕಿನ ಹಾಗೆಯೇ, ಅವರಿಗೂ 5 ಹೋಗುತ್ತದೆ. ಬೇಗ ಬೇಗ ನಡೆದರೂ 5 ಹೋಗುತ್ತದೆ. ಪಂಜಿನ ಪೂರ್ಣ ಬೆಳಕು 20 ಅಡಿಯವರೆಗೆ ಮಾತ್ರ, ಆಚೆಗಿನ 20 ಅಡಿ ಮಂದ. ಇಷ್ಟು ದಿನ ನಾನು ಡಿಸಿ ಏರಿಸಿ ಮಾಡಲು ಹೊರಟಿದ್ದ ಕೆಲಸವನ್ನು ನಿಯಮ ತಾನೇ ಮಾಡುತ್ತಿತ್ತು. ದೊಡ್ಡ ವ್ಯತ್ಯಾಸ ಏನೆಂದರೆ, ಡಿಸಿ ನನ್ನ ಕೈಯಲ್ಲಿದೆ, ಬೆಳಕು ಮತ್ತು ನಡಿಗೆ ಅವರ ಕೈಯಲ್ಲಿವೆ. ಪಂಜು ಹಿಡಿದರೆ ಕಣ್ಣು ಚುರುಕು, ಆದರೆ ಶತ್ರುಗಳಿಗೂ ದೂರದಿಂದ ಕಾಣುತ್ತಾರೆ. ಆರಿಸಿದರೆ ಮರೆ ಸಿಗುತ್ತದೆ, ಕ್ಲೆರಿಕ್‌ಳ 21 ಮಾತ್ರ 16 ಆಗುತ್ತದೆ. ಮತ್ತೊಮ್ಮೆ ಅವಳಿಂದ ಕಿತ್ತುಕೊಂಡಂತೆ ಆಗಬಾರದು ಎಂದು ಮೊದಲು ಅವಳನ್ನೇ ಕೇಳಿದೆ. "ಇದು ಸರಿ ಇದೆ, ಪಂಜು ನಾನೇ ಹಿಡೀತೀನಿ" ಎಂದಳು.

ಉಪ್ಪಿನ ಗಣಿ

ಹತ್ತನೇ ಸೆಷನ್ನಿನಲ್ಲಿ ಒಂದು ಪಾಳು ಉಪ್ಪಿನ ಗಣಿ. ಕ್ಲೆರಿಕ್ ಪಂಜು ಹಿಡಿದು ಮುಂದೆ ನಡೆದಳು.

"ನಿನಗೆ ನೆಲದ ಧೂಳಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗೀಚು ಕಾಣುತ್ತೆ. ಎಡಗಡೆ ಗೋಡೆ ಹತ್ತಿರ ಶುರುವಾಗಿ ಅಲ್ಲೇ ಮುಗಿಯುತ್ತೆ" ಎಂದೆ. ಅಷ್ಟೇ ಹೇಳಿ ಸುಮ್ಮನಾದೆ. ಮೊದಲಾಗಿದ್ದರೆ "ಗುಟ್ಟಿನ ಬಾಗಿಲು ಕಾಣುತ್ತೆ" ಎಂದು ಹೇಳಿ ಮುಗಿಸುತ್ತಿದ್ದೆ.

ಅವಳು ಉಳಿದವರತ್ತ ತಿರುಗಿ ಅದನ್ನೇ ತನ್ನ ಮಾತಲ್ಲಿ ಹೇಳಿದಳು. ಆಮೇಲೆ ಹದಿನೈದು ನಿಮಿಷ ನಾನು ಬಾಯಿ ಬಿಡಬೇಕಾಗಲಿಲ್ಲ. ಏನನ್ನೋ ಎಳೆದ ಗುರುತು ಎಂದ ಫೈಟರ್. ಬಲೆ ಎಂದ ರೋಗ್. ಗೋಡೆಯೇ ತಿರುಗುತ್ತದೆ ಎಂದಳು ವಿಝಾರ್ಡ್. ಅವಳು ಇನ್ವೆಸ್ಟಿಗೇಷನ್ ದಾಳ ಹಾಕಿದಳು: ಡಿಸಿ 15, ಬಂದದ್ದು 12. ಸೋತಳು. ಬಾಗಿಲು ತೆರೆಯಿತು, ಆದರೆ ಕಲ್ಲು ಕಿರ್ರೆಂದ ಸದ್ದು ಗಣಿಯ ತುಂಬಾ ಕೇಳಿಸಿತು. ಸೋತರೆ ಏನಾಗುತ್ತದೆ ಎಂದು ನಾನು ಮೊದಲೇ ಬರೆದಿಟ್ಟಿದ್ದೆ. ಕಾವಲಿನವರು ಎಚ್ಚರಾಗುತ್ತಾರೆ.

ಆ ಕಾವಲಿನವರು ಉಪ್ಪಿನ ಕಂಬಗಳ ಹಿಂದೆ, ಪಂಜಿನ ಪೂರ್ಣ ಬೆಳಕಿನ ಅಂಚಿನ ಒಳಗೇ ಅಡಗಿ ಕಾದರು. ಎಷ್ಟು ಚೆನ್ನಾಗಿ ಅಡಗಿದ್ದಾರೆ ಎಂದು ತಿಳಿಯುವ ಅವರ ಸ್ಟೆಲ್ತ್ ದಾಳವನ್ನು ಎಲ್ಲರ ಎದುರು ಹಾಕಿದೆ: ಒಟ್ಟು 17. ಪ್ಯಾಸಿವ್ ಅಂಕಿಗಳಲ್ಲಿ ರೋಗ್‌ನದು 13, ಉಳಿದ ಮೂವರದು 11, ಕ್ಲೆರಿಕ್‌ಳದು 21. 2014ರ ನಿಯಮದಲ್ಲಿ ಶತ್ರುವನ್ನು ಗಮನಿಸದವರು ಮಾತ್ರ ಬೆಚ್ಚಿಬೀಳುತ್ತಾರೆ, ಮೊದಲ ಸುತ್ತಿನ ತಮ್ಮ ಸರದಿಯಲ್ಲಿ ಏನೂ ಮಾಡಲಾಗುವುದಿಲ್ಲ. ನಾಲ್ಕು ಜನ ಬೆಚ್ಚಿಬಿದ್ದರು. ಎಚ್ಚರವಾಗಿದ್ದವಳು ಅವಳೊಬ್ಬಳೇ. ಅವಳು ಪಂಜನ್ನು ಕಾವಲಿನವರ ಕಡೆ ಎಸೆದು, ವಿಝಾರ್ಡ್‌ಗೆ ಅಡ್ಡ ಬಂದು ನಿಂತಳು. ನಾನು ಅದಕ್ಕಾಗಿ ಯಾವ ಅಂಕಿಯನ್ನೂ ತಿದ್ದಿರಲಿಲ್ಲ. ಆ ಕ್ಷಣ ಅವಳ ಮುಖದಲ್ಲಿದ್ದ ಖುಷಿ ನೋಡಿ ನನಗೆ ಎಂಟನೇ ಸೆಷನ್ನಿನ ಭಾರ ಸ್ವಲ್ಪ ಇಳಿಯಿತು.

ಸರಿಯಾಗದೇ ಉಳಿದದ್ದು

ಹನ್ನೆರಡನೇ ಸೆಷನ್ನಿನಲ್ಲಿ ಒಂದು ಗುಹೆಯಲ್ಲಿ ಎಡವಿದೆ. ಕುಸಿಯುವ ನೆಲಕ್ಕೆ ಕುರುಹಾಗಿ "ಇಲ್ಲಿ ನೆಲ ಒದ್ದೆಯಾಗಿದೆ" ಎಂದು ಹೇಳಿದೆ. ಅದಕ್ಕೂ ಮುಂಚೆ ಗೋಡೆ ಒದ್ದೆ, ಚಾವಣಿ ತೊಟ್ಟಿಕ್ಕುತ್ತಿದೆ ಎಂದು ವರ್ಣಿಸಿದ್ದವನೂ ನಾನೇ. ಫೈಟರ್ ಬಿದ್ದ, 11 ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕಿ) ಹೋಯಿತು. "ಎಲ್ಲಾ ಕಡೆ ಒದ್ದೆ ಇರೋವಾಗ ಈ ಒದ್ದೆ ಬೇರೆ ಅಂತ ಹೇಗೆ ಗೊತ್ತಾಗ್ಬೇಕು?" ಎಂದ. ನ್ಯಾಯ ಅವನ ಕಡೆ ಇತ್ತು. ಪಾಯಿಂಟ್ ವಾಪಸ್ ಕೊಟ್ಟೆ. ಕುರುಹು ಇದ್ದರೆ ಸಾಲದು, ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣಬೇಕು. ಒದ್ದೆ ಗುಹೆಯಲ್ಲಿ ಒಂದು ಒಣಗಿದ ಕಲ್ಲು ಇದ್ದರೆ ಅದು ಕುರುಹು. ಈಗ ತಯಾರಿ ಮಾಡುವಾಗ ಮೊದಲು ಕೋಣೆಯ ವರ್ಣನೆ ಬರೆಯುತ್ತೇನೆ, ಆಮೇಲೆ ಅದರಲ್ಲಿ ಹೊಂದದೇ ಇರುವುದು ಯಾವುದು ಎಂದು ಕೇಳಿಕೊಳ್ಳುತ್ತೇನೆ.

ರೋಗ್‌ಗೆ ಈ ಕ್ರಮ ಪೂರ್ತಿ ಹಿಡಿಸಿಲ್ಲ. ಅವನಿಗೆ ದಾಳ ಹಾಕುವುದೇ ಸಂತೋಷ, ಈಗ ಮೊದಲಿಗಿಂತ ಕಡಿಮೆ ಸಿಗುತ್ತದೆ. ಅವನಿಗಾಗಿ ಪ್ರತಿ ಸೆಷನ್ನಿನಲ್ಲೂ ಕಥೆಗೆ ಬೇಕಿಲ್ಲದ, ಸಿಕ್ಕರೆ ಲಾಭವಾಗುವ ಒಂದೆರಡು ವಸ್ತು ಅಡಗಿಸಿಡುತ್ತೇನೆ: ಒಂದು ಮದ್ದು, ಒಂದು ಹಳೆಯ ಪತ್ರ, ಬೀಗದ ಕೈ. ಅವಕ್ಕೆ ದಾಳ ಇದೆ. ಸೋತರೆ ಸಿಗುವುದಿಲ್ಲ, ಆಟವೂ ನಿಲ್ಲುವುದಿಲ್ಲ. ಅವನಿಗೆ ಇದು ಸಾಕೋ ಇಲ್ಲವೋ, ಇನ್ನೂ ಮಾತಾಡುತ್ತಿದ್ದೇವೆ.

ಹದಿನಾಲ್ಕನೇ ಸೆಷನ್ನಿನಲ್ಲಿ ಕ್ಲೆರಿಕ್ ಗಾಯಗೊಂಡು ಹಿಂದೆ ಉಳಿದಿದ್ದಳು. ಒಂದು ಕಬ್ಬಿಣದ ಬಾಗಿಲಿನ ಮುಂದೆ ಫೈಟರ್ ಒಬ್ಬನೇ. ಹುಡುಕುತ್ತೇನೆ ಎಂದು ದಾಳ ಹಾಕಿದ. ಮತ್ತೆ 2. ಎಲ್ಲರೂ ಅದನ್ನು ನೋಡಿದರು.

"ಹಿಡಿಕೆಯ ಮೇಲೆ ತುಕ್ಕು ಇಲ್ಲ. ಉಳಿದ ಬಾಗಿಲೆಲ್ಲ ತುಕ್ಕು ಹಿಡಿದಿದೆ. ಬೇರೇನೂ ನಿನಗೆ ಕಾಣಲ್ಲ, ಹತ್ತು ನಿಮಿಷ ಕಳೆಯಿತು, ಪಂಜು ಸಣ್ಣಗಾಗ್ತಾ ಇದೆ" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಹಿಡಿಕೆ ಹಿಡಿದ. "ಯಾರೋ ದಿನಾ ಬಳಸ್ತಾರೆ ಅಂತಾಯ್ತು. ತೆಗೀತೀನಿ," ಎಂದ.